ಕೋಗಳಿಯ ದಾರಿಯಲ್ಲಿ ಒಂದು ಸಂಶಯ

ಕಳೆದ ಪುಷ್ಯಮಾಸದಲ್ಲಿ ಕೋಗಳಿಯ ಬಸದಿಯನ್ನು ನೋಡಿಬಂದೆನು. ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಕಡೆ ಓಡಾಡುವವರಲ್ಲಿ ಈ ಊರಿನ ಹೆಸರನ್ನು ಕೇಳಿದವರು ಅನೇಕರು. ಇಳಿದು ನೋಡಿದವರು ವಿರಳ. ಚಾಳುಕ್ಯರ ಕಾಲದಲ್ಲಿ ‘ಕೋಗಳಿ ಐನೂರು’ ಎಂಬ ನಾಡಿಗೆ ಹೆಸರು ಕೊಟ್ಟ ಊರಿದು. 1953ರ ವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದು, ಆಮೇಲೆ ಮೈಸೂರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯದಾಗಿದೆ. ಊರು ಮಾತ್ರ ಇದ್ದಲ್ಲೇ ಇದೆ.

ನಾನು ಹೋದುದಕ್ಕೆ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವೆನು. ಉಪಾಧ್ಯಾಯನಾಗಿದ್ದ ಕಾಲದಲ್ಲಿ ವರ್ಷ ವರ್ಷವೂ ಒಂದು ಪಾಠವನ್ನು ಒಪ್ಪಿಸುತ್ತಿದ್ದೆನು: “ಗಂಗರಾಜನಾದ ದುರ್ವಿನೀತನು ಪೂಜ್ಯಪಾದರ ಶಿಷ್ಯ, ಕೋಗಳಿಯಲ್ಲಿ ಬಸದಿಯನ್ನು ಕಟ್ಟಿಸಿದನು.” ಸುಮಾರು ಮೂವತ್ತು ವರ್ಷಗಳ ಹಿಂದೆ, ಈ ಸೀಮೆಯಿಂದಲೇ ಬಂದ ಹುಡುಗನೊಬ್ಬನು ಎದ್ದು ನಿಂತು, “ಅದನ್ನ ಕಂಡೋರು ಯಾರ್ರೀ ಮೇಷ್ಟ್ರೇ? ಹೆಂಗ ಗೊತ್ತಾತು?” ಎಂದನು. ತರಗತಿಯೆಲ್ಲ ನಕ್ಕಿತು. “ಶಾಸನದಲ್ಲಿದೆ, ಅಧಿಕಪ್ರಸಂಗ ಬೇಡ” ಎಂದು ಗದರಿಸಿ, ಗಂಟೆ ಬಾರಿಸುವ ತನಕ ಅವನನ್ನು ಬಿಸಿಲಿನಲ್ಲಿ ನಿಲ್ಲಿಸಿದೆನು. ಆ ಶಾಸನವನ್ನು ನಾನು ಅಂದಿನ ವರೆಗೆ ಓದಿರಲಿಲ್ಲ. ಈ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಹೋದ ವರ್ಷ ಒಂದು ಮದುವೆಯಲ್ಲಿ ಅವನೇ ಎದುರಾಗಿ ಕಾಲಿಗೆರಗಿದನು. ಈಗ ಕೋಗಳಿಯ ಬಳಿ ಬೇಸಾಯ ಮಾಡಿಕೊಂಡಿದ್ದಾನೆ. “ಬರ್ರಿ ಮೇಷ್ಟ್ರೇ, ಬಸದಿ ತೋರಸ್ತೀನಿ” ಎಂದು ಕರೆದನು.

ಹೊರಡುವ ಮೊದಲು, ಮೂವತ್ತು ವರ್ಷ ತಡವಾಗಿ, ಪುಸ್ತಕಗಳನ್ನು ತೆರೆದೆನು. ದುರ್ವಿನೀತನು ಈ ಬಸದಿಯನ್ನು ಮಾಡಿಸಿದನೆಂದು ಹೇಳುವ ಶಾಸನವೇನೋ ಉಂಟು. ಆದರೆ ಅದು 1055ರದು; ಚಾಳುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ್ದು; ಇಂದ್ರಕೀರ್ತಿಗಳ ದಾನವನ್ನು ಹೇಳಲು ಹೊರಟದ್ದು. ದುರ್ವಿನೀತನಾದರೋ ಆರನೆಯ ಶತಮಾನದವನು. ನಡುವೆ ಐನೂರು ವರ್ಷ! ಕಂಡವರ ಮಾತಲ್ಲ, ಕೇಳಿದವರ ಮಾತು. ಶಾಸ್ತ್ರದ ಪರಿಭಾಷೆಯಲ್ಲಿ ಐತಿಹ್ಯ. ಶಿಷ್ಯತ್ವದ ಸಂಗತಿ ಇನ್ನೂ ಸಡಿಲವಾದದ್ದು. ‘ಶಬ್ದಾವತಾರ’ವೆಂಬ ಗ್ರಂಥದ ಹೆಸರನ್ನು ಹಿಡಿದು, ಅದರ ಕರ್ತೃ ಪೂಜ್ಯಪಾದರೆಂದೂ ರಾಜನು ಅವರ ಶಿಷ್ಯನೆಂದೂ ಹಿಂದಿನ ವಿದ್ವಾಂಸರು ಊಹಿಸಿದ್ದರು. ಗುಮ್ಮರೆಡ್ಡಿಪುರದ ತಾಮ್ರಶಾಸನವು ದುರ್ವಿನೀತನನ್ನೇ ಶಬ್ದಾವತಾರಕಾರನೆಂದು ಕರೆಯುತ್ತದೆ. ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಅವನು ಟೀಕೆ ಬರೆದನೆಂದೂ ಹೇಳುತ್ತದೆ. (ಚಿತ್ರಬಂಧಗಳಿಂದ ತುಂಬಿದ ಆ ಸರ್ಗವನ್ನು ನಾನು ತರಗತಿಯಲ್ಲಿ ಯಾವಾಗಲೂ ಜಾಣತನದಿಂದ ದಾಟಿಸಿಬಿಡುತ್ತಿದ್ದೆನು.) ಹೀಗೆ ನನ್ನ ಒಂದು ವಾಕ್ಯದಲ್ಲಿ ಅರ್ಧ ಜಾರಿಹೋಯಿತು, ಉಳಿದರ್ಧ ಅಲುಗಾಡುತ್ತಿದೆ.

ಬಸದಿಯಲ್ಲಿ ಬಹಳ ಹೊತ್ತು ಕುಳಿತಿದ್ದೆವು. ಇಲ್ಲಿಯ ದೇವರನ್ನು ಚೆನ್ನಪಾರ್ಶ್ವನೆಂದು ಕರೆದಿದ್ದಾರೆ. ಕಲ್ಲು ತಣ್ಣಗಿತ್ತು; ಕಟ್ಟಿಸಿದವನಾರೆಂಬುದನ್ನು ಅದು ಹೇಳಲಿಲ್ಲ.

ಹಿಂದಿರುಗುವಾಗ ಹೊತ್ತು ಮುಳುಗಿತ್ತು. ಜೋಳದ ಹೊಲದ ಬದುವಿನಲ್ಲಿ ಒಬ್ಬನು ಅಲುಗಾಡದೆ ನಿಂತಿದ್ದನು. ಮಾತನಾಡಿಸಲು ಹೋದೆನು, ಹತ್ತಿರ ಹೋಗಿ ನೋಡಿದರೆ ಕಂಬಳಿಚೂರು ಹೊದಿಸಿದ ಮೋಟು. ನಗು ಬಂದಿತು. ನ್ಯಾಯಶಾಸ್ತ್ರದಲ್ಲಿ ಸಂಶಯಕ್ಕೆ ಕೊಡುವ ಹಳೆಯ ಉದಾಹರಣೆಯೇ ಇದು: ಮೋಟುಮರವೋ, ಮನುಷ್ಯನೋ? ಅಕ್ಷಪಾದರು ಹದಿನಾರು ಪದಾರ್ಥಗಳನ್ನು ಎಣಿಸುವಾಗ ಪ್ರಮಾಣ ಪ್ರಮೇಯಗಳ ಬೆನ್ನಿಗೇ ಸಂಶಯವನ್ನು ಇಟ್ಟಿದ್ದಾರೆ. ನಾನು ಅದನ್ನು ಬಾಯಿಪಾಠ ಮಾಡಿಸಿದೆನೇ ಹೊರತು, ಎದ್ದುನಿಂತು ಸಂಶಯಪಟ್ಟವನನ್ನು ಹೊರಗೆ ಕಳುಹಿಸಿದೆನು.

ಈ ಸಂಶಯವು ನಾಲ್ಕು ಹೆಜ್ಜೆ ಮುಂದಿಟ್ಟರೆ ತೀರುವಂಥದು. ಹತ್ತಿರ ಹೋದರೂ ತೀರದ ಸಂಶಯವನ್ನು ಬೇಕೆಂದೇ ಮೈಮೇಲೆ ಎಳೆದುಕೊಂಡವನು ಫ್ರಾನ್ಸ್ ದೇಶದ ರೆನೆ ಡೇಕಾರ್ಟ್ ಎಂಬ ತತ್ತ್ವಜ್ಞ. 1596ರಲ್ಲಿ ಹುಟ್ಟಿದ ಅವನು, 1619ರ ಚಳಿಗಾಲದಲ್ಲಿ ಜರ್ಮನಿಯ ಒಂದು ಬೆಚ್ಚನೆಯ ಕೋಣೆಯಲ್ಲಿ ಒಂಟಿಯಾಗಿ ಕುಳಿತು, ತಾನು ಕಲಿತದ್ದನ್ನೆಲ್ಲ ಬುಡದಿಂದ ಪರೀಕ್ಷಿಸಬೇಕೆಂದು ನಿಶ್ಚಯಿಸಿದನು. ಅದರ ಫಲ 1637ರ ಮತ್ತು 1641ರ ಅವನ ಗ್ರಂಥಗಳು. ದೂರದ ಚೌಕ ಗೋಪುರ ಗುಂಡಗೆ ಕಾಣುತ್ತದೆ. ಆದುದರಿಂದ ಇಂದ್ರಿಯಗಳನ್ನು ನಂಬಲಾಗದು. ಎಚ್ಚರವೆಂದುಕೊಂಡದ್ದು ಕನಸಾಗಿರಬಹುದು. ಯಾವನೋ ಒಬ್ಬ ಮಾಯಾವಿಯು ಎರಡೂ ಮೂರೂ ಐದೆಂಬುದರಲ್ಲಿಯೂ ನಮ್ಮನ್ನು ಮೋಸಗೊಳಿಸುತ್ತಿರಬಹುದು. ಆದರೆ ಮೋಸಹೋಗುವುದಕ್ಕಾದರೂ ನಾನು ಇರಬೇಕಷ್ಟೆ! ಸಂಶಯಪಡುವ ನಾನು ಇದ್ದೇನೆ, ಇದೊಂದು ಅಲುಗದು.

ಇಲ್ಲಿಯ ವರೆಗೆ ಅವನ ಹೆಜ್ಜೆ ಭದ್ರ. ಮುಂದೆ, ಸ್ಪಷ್ಟವಾಗಿ ತೋರುವುದೆಲ್ಲ ಸತ್ಯ, ಏಕೆಂದರೆ ದೇವರು ವಂಚಕನಲ್ಲ ಎನ್ನುತ್ತಾನೆ. ದೇವರಿರುವುದು ಹೇಗೆ ತಿಳಿಯಿತೆಂದರೆ, ಸ್ಪಷ್ಟವಾಗಿ ತೋರಿತು ಎನ್ನುತ್ತಾನೆ. ಆರ್ನೋ ಎಂಬ ಪಂಡಿತನು ಆಗಲೇ ಇದನ್ನು ಎತ್ತಿತೋರಿಸಿದನು. ನಮ್ಮವರಾದರೆ ಅನ್ಯೋನ್ಯಾಶ್ರಯದೋಷವೆಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಮೊದಲ ಹೆಜ್ಜೆಯಂತೂ ನಮಗೆ ಅಪರಿಚಿತವಲ್ಲ. ನಾನು ಕಾಣದೆಯೇ ದುರ್ವಿನೀತನಿಗೆ ಗುರುವಾಗಿ ಕೂಡಿಸಿದ ಆ ಪೂಜ್ಯಪಾದರೇ ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಜ್ಞಾನವನ್ನು ದೀಪಕ್ಕೆ ಹೋಲಿಸುತ್ತಾರೆ: ಗಡಿಗೆಯನ್ನು ಬೆಳಗುವ ದೀಪ ತನ್ನನ್ನೂ ಬೆಳಗಿಕೊಳ್ಳುತ್ತದೆ, ಅದನ್ನು ನೋಡಲು ಬೇರೊಂದು ದೀಪ ಬೇಡ. ಡೇಕಾರ್ಟನಿಗೆ ಇನ್ನೂ ಸಮೀಪವಾದದ್ದು ಜಿನಭದ್ರರ ವಿಶೇಷಾವಶ್ಯಕಭಾಷ್ಯದ ಒಂದು ಪ್ರಸಂಗ. ಅದು ಶ್ವೇತಾಂಬರರ ಗ್ರಂಥ, ಈ ಬಸದಿಯ ಪರಂಪರೆಯದಲ್ಲ. ಡೇಕಾರ್ಟನಿಗಿಂತ ಸುಮಾರು ಸಾವಿರ ವರ್ಷ ಹಿಂದಿನದು. ಇಂದ್ರಭೂತಿ ಗೌತಮನೆಂಬ ಬ್ರಾಹ್ಮಣನಿಗೆ ಆತ್ಮವುಂಟೋ ಇಲ್ಲವೋ ಎಂಬ ಸಂಶಯವಿತ್ತು. ಮಹಾವೀರನು ಅವನ ಮನಸ್ಸನ್ನರಿತು, ಆ ಸಂಶಯವೇ ನಿನಗೆ ಪ್ರತ್ಯಕ್ಷವಾಗಿರುವ ಆತ್ಮ. ಸಂಶಯಪಡುವವನೇ ಇಲ್ಲದಿದ್ದರೆ ಸಂಶಯ ಯಾರದು ಎಂದು ಕೇಳಿದನು. ಇಂದ್ರಭೂತಿಯು ಶಿಷ್ಯನಾಗಿ, ಮೊದಲನೆಯ ಗಣಧರನಾದನು. ಡೇಕಾರ್ಟನಿಗೆ ಒಂಟಿ ಕೋಣೆ ಸಾಕಾಯಿತು. ಇಂದ್ರಭೂತಿಗೆ ಎದುರಿನಲ್ಲೊಬ್ಬರು ಬೇಕಾದರು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆಯಾಗುತ್ತದೆ. ಸಂಶಯಪಟ್ಟವನನ್ನು ಅಲ್ಲಿ ಯಾರೂ ಬಿಸಿಲಿನಲ್ಲಿ ನಿಲ್ಲಿಸಲಿಲ್ಲ.

ಬಸ್ಸಿಗೆ ಕಾಯುತ್ತ ನಿಂತಾಗ ಧೈರ್ಯ ತಂದುಕೊಂಡು, “ಅಪ್ಪಾ, ಅಂದು ನೀನು ಕೇಳಿದ ಪ್ರಶ್ನೆ ಸರಿಯಾದದ್ದು. ತಪ್ಪು ನನ್ನದು” ಎಂದೆನು.

ಅವನು ಬೆರಗಾಗಿ ನನ್ನ ಮುಖವನ್ನೇ ನೋಡಿದನು. “ಯಾವ ಪ್ರಶ್ನೀರೀ ಮೇಷ್ಟ್ರೇ?”

ನಡೆದುದನ್ನೆಲ್ಲ ಹೇಳಿದೆನು. ಬಹಳ ಹೊತ್ತು ಯೋಚಿಸಿ, ಸಂಕೋಚದಿಂದ ನುಡಿದನು: “ಅದು ನಾನಲ್ಲ ಅನಸ್ತೈತ್ರೀ. ನನ್ನ ಹೊರಗ ನಿಲ್ಲಿಸಿದ್ರಿ, ಖರೇ. ಪುಸ್ತಕ ತಂದಿರಲಿಲ್ಲ, ಅದಕ್ಕ. ಆ ಮಾತು ಕೇಳಿದೋನು ಬ್ಯಾರೆ ಯಾರೋ ಇರಬೇಕು.”

ಮೂವತ್ತು ವರ್ಷ ಕಣ್ಣಿಗೆ ಕಟ್ಟಿದಂತಿದ್ದ ಮುಖ ಇದೇ ಎಂದು ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದೆನು. ಅವನಿಗೋ ಮರೆತಿರಬಹುದು, ನನಗೋ ಭ್ರಮೆ ಇರಬಹುದು. “ಯಾರಿಗೆ ಗೊತ್ತು, ನೀವ ಹೇಳಿದ್ದೂ ಖರೇ ಇದ್ದೀತು” ಎಂದು ಅವನೇ ನನ್ನನ್ನು ಸಮಾಧಾನಪಡಿಸತೊಡಗಿದನು. ಅಷ್ಟರಲ್ಲಿ ದೂರದಲ್ಲಿ ಎರಡು ದೀಪ ಕಂಡವು. ಬಸ್ಸೋ ಲಾರಿಯೋ ತಿಳಿಯದೆ ಇಬ್ಬರೂ ರಸ್ತೆಯ ಅಂಚಿಗೆ ಬಂದು, ಕೈ ಮೇಲೆತ್ತಿ ನಿಂತೆವು.