ತೋಳದ ಕಣ್ಣಿನ ಬೆಳಕು

ಬೇಟೆಗಾರನ ಮನಸ್ಸು ಒಂದೇ ದಿನದಲ್ಲಿ ಬದಲಾಗುವುದು ಕಥೆಗಳಲ್ಲಿ. ನಿಜಜೀವನದಲ್ಲಿ ಅದಕ್ಕೆ ಅರ್ಧ ಆಯುಷ್ಯವೇ ಬೇಕಾಗಬಹುದು. ಅಮೆರಿಕದ ಅರಣ್ಯತಜ್ಞ ಆಲ್ಡೊ ಲಿಯೊಪೋಲ್ಡ್ ಇದಕ್ಕೆ ಒಳ್ಳೆಯ ನಿದರ್ಶನ.

ಅವರು ಹುಟ್ಟಿದ್ದು 1887ರಲ್ಲಿ, ಅಯೋವಾ ರಾಜ್ಯದಲ್ಲಿ. ಬೇಟೆ ಕಲಿಸಿದವರು ತಂದೆ. ಹಕ್ಕಿಗಳು ಗೂಡು ಕಟ್ಟುವ ವಸಂತದಲ್ಲಿ ಬಂದೂಕು ಮುಟ್ಟಬಾರದೆಂದು ಆ ತಂದೆ, ಕಾನೂನು ಬರುವ ಮೊದಲೇ, ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರಂತೆ.

1909ರಲ್ಲಿ ಲಿಯೊಪೋಲ್ಡ್ ಅರಿಜೋನಾದ ಅಪಾಚೆ ಅರಣ್ಯದಲ್ಲಿ ನೌಕರಿಗೆ ಸೇರಿದರು. ಆಗ ವಯಸ್ಸು 22. ಒಂದು ದಿನ ಸಂಗಡಿಗರೊಂದಿಗೆ ಎತ್ತರದ ಬಂಡೆಯ ಮೇಲೆ ಬುತ್ತಿ ಉಣ್ಣುತ್ತಿದ್ದಾಗ, ಕೆಳಗೆ ಹೊಳೆ ದಾಟುತ್ತಿದ್ದ ತೋಳವೊಂದು ಕಂಡಿತು. ಬೆಳೆದ ಮರಿಗಳು ಬಾಲ ಅಲ್ಲಾಡಿಸುತ್ತ ಅದನ್ನು ಎದುರುಗೊಂಡವು. ಒಂದು ತೋಳ ಸತ್ತರೆ ಬೇಟೆಗಾರನಿಗೆ ಹಲವು ಜಿಂಕೆ ಉಳಿದಂತೆ ಎಂಬುದು ಅಂದಿನ ನಂಬಿಕೆ. ಎಲ್ಲರೂ ಗುಂಡು ಹಾರಿಸಿದರು. ಲಿಯೊಪೋಲ್ಡ್ ಇಳಿದು ಹತ್ತಿರ ಹೋದಾಗ ತಾಯಿ ತೋಳದ ಕಣ್ಣಿನ ಹಸಿರು ಹೊಳಪು ಆರುತ್ತಿತ್ತು.

ಅಂದೇ ಬಂದೂಕು ಎಸೆದರೇ? ಇಲ್ಲ. ಮುಂದೆಯೂ ಹಲವು ವರ್ಷ, ತೋಳಗಳನ್ನು ನಿರ್ಮೂಲ ಮಾಡಬೇಕೆಂದೇ ವಾದಿಸಿದರು. ಆದರೆ ತೋಳವಿಲ್ಲದ ಬೆಟ್ಟಗಳಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿದವು. ಚಿಗುರು, ಸಸಿ ಎಲ್ಲವನ್ನೂ ಮೇಯ್ದು ಮುಗಿಸಿ, ಕೊನೆಗೆ ಹಸಿವಿನಿಂದ ಸತ್ತವು. ಶಾಲೆಯ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಬರೆಯುವ ಆಹಾರ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂಬುದು ಅವರ ಕಣ್ಣೆದುರೇ ನಡೆಯಿತು.

ನಡುವಯಸ್ಸಿನಲ್ಲಿ ಅವರು ಬಿಲ್ಲಿನತ್ತ ಒಲಿದರು. ಬಿಲ್ಲುಗಳನ್ನು ತಾವೇ ಕೆತ್ತಿದರು. ಪತ್ನಿ ಎಸ್ಟೆಲ್ಲಾ ಗುರಿಹಲಗೆಗೆ ಬಾಣ ಬಿಡುವುದರಲ್ಲಿ ಎಷ್ಟು ನಿಪುಣರಾದರೆಂದರೆ, ವಿಸ್ಕಾನ್ಸಿನ್ ರಾಜ್ಯದ ಮಹಿಳಾ ಚಾಂಪಿಯನ್ ಆದರು. ಬೇಟೆ ನಿಲ್ಲಲಿಲ್ಲ, ಅದರ ಬಗೆ ಬದಲಾಯಿತು. ಬಿಲ್ಲು ಹಿಡಿದವನು ಗಾಳಿಯ ದಿಕ್ಕು ನೋಡಬೇಕು, ಸದ್ದಿಲ್ಲದೆ ಹತ್ತಿರ ಸರಿಯಬೇಕು. ಇಷ್ಟಾದರೂ ಗುರಿ ತಪ್ಪುವುದೇ ಹೆಚ್ಚು. ಬೇಟೆಯ ಸೊಗಸಿನ ಬಹುಪಾಲು ಈ ತಾಳ್ಮೆಯಲ್ಲೇ ಇದೆ. ಹಲಗೆಗೆ ನೆಟ್ಟ ಬಾಣವನ್ನು ಕಿತ್ತು ಮತ್ತೆ ಹೂಡಬಹುದು. ಜೀವಕ್ಕೆ ನೆಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು. ಗುರಿಯಿಡುವ ಕೈಚಳಕ ಬೇರೆ, ಕೊಲ್ಲುವುದು ಬೇರೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಮೊದಲು ಹೇಳಬೇಕಾದ ಮಾತು ಇದೇ.

ಆ ತೋಳದ ಪ್ರಸಂಗವನ್ನು ಲಿಯೊಪೋಲ್ಡ್ ಬರೆದದ್ದು 1944ರಲ್ಲಿ, 35 ವರ್ಷಗಳ ಬಳಿಕ. ಕಣ್ಣು ಅಂದೇ ಕಂಡದ್ದನ್ನು ಬುದ್ಧಿ ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು. 1948ರಲ್ಲಿ, ನೆರೆಯವರ ಹುಲ್ಲುಗಾವಲಿಗೆ ಬಿದ್ದ ಬೆಂಕಿ ಆರಿಸುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಆ ಪ್ರಸಂಗವನ್ನೊಳಗೊಂಡ ಅವರ ಪುಸ್ತಕ ಅಚ್ಚಾದದ್ದು ಮರುವರ್ಷ.

1998ರಲ್ಲಿ ಅದೇ ಅಪಾಚೆ ಅರಣ್ಯಕ್ಕೆ ಸರ್ಕಾರವೇ ತೋಳಗಳನ್ನು ತಂದು ಬಿಟ್ಟಿತು.