ಮೊಳಕಾಲ್ಮೂರಿನ ಸೀರೆ, ಚಳ್ಳಕೆರೆಯ ಟಿಪ್ಸು

ಮಗಳ ಮದುವೆ ಗೊತ್ತಾದ ದಿನವೇ ನಮ್ಮತ್ತೆ ಹೇಳಿಬಿಟ್ಟರು, "ಧಾರೆ ಸೀರೆ ಮಾತ್ರ ಮೊಳಕಾಲ್ಮೂರಿನದೇ ಆಗಬೇಕು ನೋಡು." ನಮ್ಮ ಹಿರಿಯೂರಿನ ಅಂಗಡಿಗಳಲ್ಲಿ ರೇಷ್ಮೆ ಸೀರೆ ಸಿಗುವುದಿಲ್ಲವೆಂದೇನಲ್ಲ. ಆದರೂ ನೇಯುವವರ ಮನೆಯಲ್ಲೇ ಕೊಂಡರೆ ನಾಲ್ಕು ಕಾಸು ಉಳಿದೀತು ಅನ್ನೋ ಆಸೆ. ಒಂದು ಗುರುವಾರ ಬೆಳಗಿನ ಬಸ್ಸಿಗೇ ನಾನೂ ನಮ್ಮವರೂ ಹೊರಟೆವು.

ಚಳ್ಳಕೆರೆ ಮುಟ್ಟುವಾಗ ಎಂಟೂವರೆ. ಬಯಲು ಸೀಮೆಯ ಬಿಸಿಲು ಆಗಲೇ ಚುರುಕಾಗಿತ್ತು. ಶೇಂಗಾ ಬೆಳೆಯ ನಾಡು ಇದು. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು. ಕುರಿ ಉಣ್ಣೆಯ ಕಂಬಳಿಗೂ ಅಷ್ಟೇ ಪ್ರಸಿದ್ಧಿ. ನಮ್ಮ ತೌರಿನಲ್ಲಿ ಇವತ್ತಿಗೂ ಚಳ್ಳಕೆರೆ ಕಂಬಳಿ ಇದೆ.

ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಇಡ್ಲಿ ವಡೆ ತಿಂದೆವು. ಸಪ್ಲೈಯರ್ ಐವತ್ತು ದಾಟಿದವರು. ಕೇಳದೇ ಎರಡು ಸಲ ಚಟ್ನಿ ಹಾಕಿದರು, ನನಗೆ ಬಿಸಿನೀರು ತಂದುಕೊಟ್ಟರು. ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬಂತು. ನಮ್ಮವರು ಫೋನಿನಲ್ಲೇ ದುಡ್ಡು ಕಟ್ಟಿ ಎದ್ದರು.

"ರೀ, ಅವರಿಗೊಂದು ಹತ್ತು ರೂಪಾಯಿನಾದ್ರೂ ಇಡಬಾರ್ದಾ?" ಅಂದೆ.

"ಯಾಕೆ? ಬಿಲ್ಲಿನಲ್ಲಿ ಎಲ್ಲಾ ಸೇರಿದೆಯಲ್ಲ. ಸಂಬಳ ಕೊಡೋದು ಮಾಲೀಕರ ಕೆಲಸ, ನಮ್ಮದಲ್ಲ," ಅಂದರು.

ಮಾತಿನಲ್ಲಿ ತಪ್ಪೇನೂ ಇಲ್ಲ. ಅಮೆರಿಕದಲ್ಲಿರುವ ನನ್ನ ತಂಗಿ ಹೇಳುತ್ತಿರುತ್ತಾಳೆ: ಅಲ್ಲಿ ಟಿಪ್ಸು ಪಡೆಯುವ ನೌಕರರಿಗೆ ಮಾಲೀಕರು ಕೊಡಲೇಬೇಕಾದ ಕೂಲಿ, ಕೇಂದ್ರದ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್ ಮಾತ್ರ. 1991ರಿಂದ ಅದು ಏರಿಯೇ ಇಲ್ಲ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ಉಳಿದ ಕಡೆ ಗಿರಾಕಿಯೇ ತುಂಬಿಕೊಡಬೇಕು. ಟಿಪ್ಸು ಇಡದೆ ಎದ್ದರೆ ಮುಖ ತಿರುಗಿಸುತ್ತಾರಂತೆ. ಜಪಾನಿನಲ್ಲಿ ಇದಕ್ಕೆ ತದ್ವಿರುದ್ಧ, ಟಿಪ್ಸು ಇಡುವ ಪದ್ಧತಿಯೇ ಇಲ್ಲ. ನಮ್ಮಲ್ಲಿ ಎರಡೂ ಅಲ್ಲ. ಕೊಟ್ಟರೆ ಸಂತೋಷ, ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಹಾಗಂತ ನಾನು ಆ ಹತ್ತು ರೂಪಾಯಿ ಇಟ್ಟೆನಾ? ಇಲ್ಲ. ನಮ್ಮವರ ಹಿಂದೆಯೇ ನಡೆದುಬಿಟ್ಟೆ.

ಅಲ್ಲಿಂದ ನಾಯಕನಹಟ್ಟಿ. ತಿಪ್ಪೇರುದ್ರಸ್ವಾಮಿಗೆ ಕಾಯಿ ಒಡೆಸಿದೆವು. ಸ್ವಾಮಿಗಳು ಈ ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದೂ, ದುಡಿದವರಿಗೆ ದುಡಿದಷ್ಟು ಕೂಲಿ ಕೊಡಿಸಿದರೆಂದೂ ಜನ ಹೇಳುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವುದು ಈ ಕಡೆ ಮಕ್ಕಳ ಬಾಯಲ್ಲೂ ಇರುವ ಮಾತು. ಕೈ ಮುಗಿಯುವಾಗ ಬೆಳಗಿನ ಸಪ್ಲೈಯರ್ ನೆನಪಾಗಿ ಮನಸ್ಸಿಗೆ ಒಂಥರಾ ಆಯಿತು.

ಮೊಳಕಾಲ್ಮೂರಿನಲ್ಲಿ ನೇಕಾರರ ಬೀದಿ ಹುಡುಕುವುದು ಕಷ್ಟವಾಗಲಿಲ್ಲ. ಮಗ್ಗದ ಸದ್ದೇ ದಾರಿ ತೋರಿಸಿತು. ಈ ಊರಿನ ಸೀರೆಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಒಂದು ಮನೆಯಲ್ಲಿ "ಬರ್ರಿ ಅಕ್ಕಾರೆ, ಕುಂದ್ರಿ" ಅಂತ ಚಾಪೆ ಹಾಸಿದರು. ಯಜಮಾನರು ಮಗ್ಗದಲ್ಲಿ ಕೂತು ಲಾಳಿ ಆಡಿಸುತ್ತಿದ್ದರು. ಅವರ ಹೆಂಡತಿ ಮೂಲೆಯಲ್ಲಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದರು. ಒಡಲು ಹಸಿರು, ಅಂಚು ಅರಿಶಿನ ಕುಂಕುಮದ ಬಣ್ಣ, ಸೆರಗಿನಲ್ಲಿ ನವಿಲು. ನೋಡಿದ ಕೂಡಲೇ ಇದೇ ಅಂದುಕೊಂಡೆ.

ಬೆಲೆ ಹನ್ನೆರಡು ಸಾವಿರದ ಐನೂರು ಅಂದರು. ನಾನು ಬಿಡುತ್ತೇನೆಯೇ? ಸೊಪ್ಪಿನವಳ ಹತ್ತಿರ ಕೊಸರು ಕೇಳಿ ಬೆಳೆದ ಕೈ ಇದು. ಅರ್ಧ ಗಂಟೆ ಚೌಕಾಸಿ ಮಾಡಿ ಹನ್ನೊಂದೂವರೆ ಸಾವಿರಕ್ಕೆ ಇಳಿಸಿದೆ. ಆಯಮ್ಮ ಎದ್ದು ಹೋಗಿ ಟೀ ಮಾಡಿ ತಂದರು. ಗೆದ್ದ ಖುಷಿಗೋ, ಬೆಳಗಿನ ಆ ಕಸಿವಿಸಿಗೋ, ಹೊರಡುವಾಗ ಇನ್ನೂರು ರೂಪಾಯಿ ತೆಗೆದು ಆಯಮ್ಮನ ಕೈಗೆ ಇಡಹೋದೆ. "ಇದು ನಿಮಗೆ, ಖುಷಿಗೆ," ಅಂದೆ.

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಸಿಟ್ಟೇನೂ ಇರಲಿಲ್ಲ, ನಗುತ್ತಲೇ ಅಂದರು: "ಬ್ಯಾಡ್ರಿ ಅಕ್ಕಾರೆ. ಕೊಡಂಗಿದ್ರೆ ಸೀರೆ ರೇಟಿಗೇ ಸೇರ್ಸಿ ಕೊಡ್ರಿ. ರೇಷ್ಮೆ ರೇಟು ಇಳಿಯಲ್ಲ, ಜರಿ ರೇಟು ಇಳಿಯಲ್ಲ. ನೀವು ಇಳಿಸಿದ್ದು ನಮ್ಮ ಕೂಲಿ ಒಂದೇ."

ನನ್ನ ನಾಲಿಗೆ ಒಣಗಿತು. ಆ ಒಂದು ಸೀರೆಗೆ ಎಂಟು ಹತ್ತು ದಿನದ ಕೆಲಸ, ಅದೂ ಇಬ್ಬರದು. ಕಂಡಿಕೆ ಸುತ್ತಿದ ಹೆಂಗಸಿಗೆ ಬೇರೆ ಕೂಲಿಯೆಂದು ಯಾರೂ ಲೆಕ್ಕ ಹಾಕುವುದಿಲ್ಲ, ನಮ್ಮ ಅಡುಗೆಮನೆ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಹಾಗೆಯೇ. ಅವರ ಕೂಲಿಯಲ್ಲಿ ಸಾವಿರ ಕಿತ್ತುಕೊಂಡು, ಅದರಲ್ಲೇ ಇನ್ನೂರನ್ನು ಭಕ್ಷೀಸು ಅಂತ ಕೊಟ್ಟು ದೊಡ್ಡವಳಾಗಲು ಹೊರಟಿದ್ದೆ!

ಪೂರ್ತಿ ಸಾವಿರವನ್ನೂ ವಾಪಸು ಕೊಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ಮದುವೆ ಮನೆಯ ಖರ್ಚು ನಿಮಗೂ ಗೊತ್ತು. ಐನೂರು ಸೇರಿಸಿ ಕೊಟ್ಟೆ. ಅದನ್ನು ಆಯಮ್ಮ ಕಣ್ಣಿಗೊತ್ತಿಕೊಂಡು ತಗೊಂಡರು. ಉಳಿದ ಐನೂರು ಮಾತ್ರ ಸೀರೆಯ ಮಡಿಕೆ ಬಿಚ್ಚಿದಾಗಲೆಲ್ಲ ನೆನಪಾಗುತ್ತದೆ.

ಅದೇ ತಾಲ್ಲೂಕಿನ ಸಿದ್ದಾಪುರದ ಬಳಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯಲ್ಲಿ ರಾಜನ ಮಾತಿನ ಕೊನೆಗೆ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕೆಲಸಗಾರನ ಹೆಸರು ಉಳಿದಿದೆ. ನನ್ನ ಮಗಳ ಸೀರೆಯಲ್ಲಿ ಆ ಗಂಡ ಹೆಂಡಿರ ಹೆಸರಿಲ್ಲ. ಅವರಿಗೆ ಸಲ್ಲಬೇಕಾದ್ದು ಆ ಬೆಲೆಯೊಂದರಲ್ಲೇ ಸಲ್ಲಬೇಕು.

ಹಾಗಾದರೆ ಟಿಪ್ಸು ಕೊಡಬೇಕೋ ಬೇಡವೋ ಅಂತ ಕೇಳುತ್ತೀರಾ? ಕಡ್ಡಾಯವಂತೂ ಅಲ್ಲ. ದೊಡ್ಡ ಹೋಟೆಲುಗಳು ಬಿಲ್ಲಿಗೆ ತಾವೇ ಸೇವಾ ಶುಲ್ಕ ಸೇರಿಸಬಾರದೆಂದು 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹಾಗೆ ಸೇರಿಸಿದ್ದರೆ ತೆಗೆಯಿರಿ ಎಂದು ಧೈರ್ಯವಾಗಿ ಕೇಳಿ. ಆದರೆ ಬೆಲೆ, ಕೂಲಿ ಅನ್ನುವುದು ಋಣ, ಅದನ್ನು ಮೊದಲು ತೀರಿಸಬೇಕು. ಟಿಪ್ಸು ನಾವು ಕೊಡುವ ಕೊಸರು, ಅದು ಆಮೇಲಿನ ಮಾತು. ಕೊಡಬೇಕೆನಿಸಿದರೆ ತಟ್ಟೆಯಲ್ಲಿ ಎಸೆದು ಹೋಗಬೇಡಿ. ಮುಖ ನೋಡಿ, ಕೈಗೆ ಕೊಡಿ. ಫೋನಿನಲ್ಲಿ ದುಡ್ಡು ಕಟ್ಟುವ ಈ ಕಾಲದಲ್ಲಿ ಪರ್ಸಿನಲ್ಲಿ ಒಂದೆರಡು ಹತ್ತರ ನೋಟು ಇಟ್ಟುಕೊಂಡಿರಿ.

ವಾಪಸು ಬರುವಾಗ ಚಳ್ಳಕೆರೆಯ ಅದೇ ಹೋಟೆಲಿನಲ್ಲಿ ಕಾಫಿ ಕುಡಿದೆವು. ಬೆಳಗಿನವರ ಪಾಳಿ ಮುಗಿದಿತ್ತು, ಬೇರೆ ಹುಡುಗನಿದ್ದ. ನಮ್ಮವರು ಏನೂ ಮಾತಾಡದೆ ಜೇಬಿನಿಂದ ಇಪ್ಪತ್ತು ರೂಪಾಯಿ ತೆಗೆದು, "ಬೆಳಿಗ್ಗೆ ಇದ್ದ ಹಿರಿಯರಿಗೆ ಹತ್ತು, ನಿನಗೆ ಹತ್ತು. ಮರೀಬೇಡಪ್ಪ," ಎಂದು ಅವನ ಕೈಗೆ ಕೊಟ್ಟರು.