ಕಾವಲಿನ ಗೋಡೆಯ ಈಚೆಗೆ

ಚಳ್ಳಕೆರೆ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ನನಗಂತೂ ಕಡಲೆಕಾಯಿ ಎಣ್ಣೆ. ಎಣ್ಣೆ ಗಿರಣಿಗಳ ಈ ಊರನ್ನು ಹಿಂದಿನವರು ‘ಎರಡನೇ ಮುಂಬಯಿ’ ಎಂದೇ ಕರೆಯುತ್ತಿದ್ದರು. ಕಂಬಳಿಗೂ ಊರು ಹೆಸರುವಾಸಿ. ಹೋದ ಚಳಿಗಾಲದಲ್ಲಿ ನಾದಿನಿಯ ಮಗಳ ಸೀಮಂತಕ್ಕೆ ಹೊರಟಾಗ, ಮಾವನವರಿಗೆ ಒಂದು ಕರಿ ಕಂಬಳಿ ತರಬೇಕೆಂದು ಮನಸ್ಸಿನಲ್ಲಿತ್ತು. ಕಂಬಳಿಯ ನೆಪದಲ್ಲಿ ವರವು ಕಾವಲನ್ನೂ ನೋಡಿ ಬಂದೆ. ಅಲ್ಲಿ ಕಂಡದ್ದನ್ನು ನಿಮ್ಮೊಂದಿಗೆ ಹೇಳಿಕೊಳ್ಳದಿದ್ದರೆ ಸಮಾಧಾನವಿಲ್ಲ.

ಕಾವಲ್ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಮೈಸೂರು ಅರಸರು ಅಮೃತಮಹಲ್ ದನಗಳಿಗೆಂದು ಇಂಥ ಕಾವಲುಗಳನ್ನು ಮೀಸಲಿಟ್ಟಿದ್ದರು. ಹೈದರಾಲಿ, ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದದ್ದು ಈ ತಳಿಯ ಎತ್ತುಗಳೇ. ಅರಸೊತ್ತಿಗೆ ಹೋಯಿತು, ಹುಲ್ಲು ಉಳಿಯಿತು. ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನಗಳು ಅಲ್ಲಿ ಮೇಯುತ್ತಾ ಬಂದವು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೇರಿವೆ. ಮಳೆ ತಪ್ಪಿ ಕಡಲೆಕಾಯಿ ಕೈಕೊಟ್ಟ ವರ್ಷ ಸಂಸಾರದ ಕೈ ಹಿಡಿಯುವುದು ಕುರಿಯೇ.

ನಾದಿನಿಯೂ ನಾನೂ ಆಟೋ ಮಾಡಿಕೊಂಡು ಹೊರಟೆವು. ಎತ್ತ ನೋಡಿದರೂ ಬಯಲು, ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಆಮೇಲೆ ಇದ್ದಕ್ಕಿದ್ದಂತೆ ಗೋಡೆ. ಕಣ್ಣು ಹಾಯುವಷ್ಟು ದೂರಕ್ಕೂ ಗೋಡೆ!

ಈ ಕಾವಲುಗಳ ಜಮೀನನ್ನು 2008ರ ನಂತರ ದೊಡ್ಡ ಸಂಸ್ಥೆಗಳಿಗೆ ಹಂಚಲಾಯಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ. ನೆರೆಯ ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಇಸ್ರೋಗೆ 573 ಎಕರೆ. ಹುಲ್ಲುಗಾವಲು ಉಳಿಸಿ ಎಂದು ಹಸಿರು ನ್ಯಾಯಮಂಡಳಿಯಲ್ಲಿ ಮೊಕದ್ದಮೆ ನಡೆದು, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಯೋಜನೆಗಳು ಮುಂದುವರಿದವು. 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರದ ಉದ್ಘಾಟನೆಯೂ ಆಯಿತು. 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರಿನಿಂದ ಆಕಾಶದಲ್ಲಿ ಬಿಟ್ಟ ಇಸ್ರೋದ ಗಗನನೌಕೆ ತಾನೇ ದಾರಿ ಹುಡುಕಿಕೊಂಡು ಬಂದು ಇಳಿದದ್ದು ಇಲ್ಲಿಯ ರನ್‌ವೇ ಮೇಲೆಯೇ. ಟಿ.ವಿ.ಯಲ್ಲಿ ಅದನ್ನು ನೋಡಿ ಮಕ್ಕಳೊಂದಿಗೆ ನಾನೂ ಚಪ್ಪಾಳೆ ತಟ್ಟಿದ್ದೆ. ಸುಳ್ಳೇಕೆ ಹೇಳಲಿ?

ರಸ್ತೆ ಬದಿಯಲ್ಲಿ ಒಬ್ಬ ಅಜ್ಜಿ ಐದು ಕುರಿ ಮೇಯಿಸುತ್ತಿದ್ದಳು. ನಾದಿನಿ ಎಲೆ-ಅಡಿಕೆ ಕೊಟ್ಟು ಮಾತಿಗೆಳೆದಳು.

“ಮೊದ್ಲು ನಲವತ್ತು ಕುರಿ ಇದ್ವು ಕಣಮ್ಮ. ಬೆಳಿಗ್ಗೆ ಬಿಟ್ರೆ ಸಂಜಿಗೆ ಹೊಟ್ಟೆ ತುಂಬಿಸ್ಕಂಡು ಬರ್ತಿದ್ವು. ಮೇವು ಕೊಂಡು ಕುರಿ ಸಾಕಾಕೆ ನಾವೇನು ಸಾವ್ಕಾರ್ರಾ? ಒಂದೊಂದೇ ಮಾರಿದ್ವಿ. ಮಗ ಬೆಂಗಳೂರಿಗೆ ಹೋದ, ಗಾರೆ ಕೆಲಸಕ್ಕೆ.”

“ಪರಿಹಾರ ಏನೂ ಬರಲಿಲ್ಲವೇ ಅಜ್ಜಿ?” ಎಂದೆ.

ಅಜ್ಜಿ ನಕ್ಕಳು. “ಹೊಲ ಆದ್ರೆ ಪಾಣಿ ಇರ್ತೈತೆ. ಹುಲ್ಲಿಗೆ ಪಾಣಿ ಎಲ್ಲೈತಮ್ಮ?”

ಆ ಮಾತು ನನ್ನನ್ನು ಬಿಡಲೇ ಇಲ್ಲ. ಕಾವಲು ಸರ್ಕಾರದ್ದು. ಅಲ್ಲಿ ತಲೆಮಾರುಗಳಿಂದ ಮೇಯಿಸಿದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಕಾಗದ ಇದ್ದವನು ಕಳೆದುಕೊಂಡರೆ ಲೆಕ್ಕಕ್ಕೆ ಬರುತ್ತದೆ. ಕಾಗದವೇ ಇಲ್ಲದವಳು ಕಳೆದುಕೊಂಡದ್ದನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಸಂಜೆ ಕಂಬಳಿ ನೇಯುವವರ ಮನೆಗೆ ಹೋದೆವು. ಉಣ್ಣೆ ಹಿಂಜಿ ನೂಲುವವರು ಹೆಂಗಸರು, ಕುಣಿಮಗ್ಗದಲ್ಲಿ ಕೂತು ನೇಯುವವರು ಗಂಡಸರು. ಹುಣಸೆ ಬೀಜದ ಗಂಜಿ ಹಚ್ಚಿದರೆ ಕಂಬಳಿಗೆ ಬಿಗಿ ಬರುತ್ತದಂತೆ. ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ಉಣ್ಣೆ, ಉಣ್ಣೆಯಿದ್ದರೆ ಹೆಂಗಸಿನ ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು. ನಾವು ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುವುದಿಲ್ಲವೇ? ಅವರಿಗೆ ಕುರಿಯೇ ಸಾಸಿವೆ ಡಬ್ಬಿ. ಮಗುವಿಗೆ ಜ್ವರ ಬಂದರೆ, ಮಗಳ ಬಾಣಂತನ ಬಂದರೆ, ಒಂದನ್ನು ಮಾರಿದರಾಯಿತು. ಕುರಿ ಹೋದ ಮೇಲೆ ಉಳಿಯುವುದು ಕೂಲಿ. ಅದೂ ಸಿಕ್ಕಿದ ದಿನ.

ಭಾರತ ಬಡದೇಶ ಎಂದು ನಾವು ಹೈಸ್ಕೂಲಿನಲ್ಲಿ ಓದಿದವರು. ಈಗ ಜಗತ್ತಿನ ದೊಡ್ಡ ಆರ್ಥಿಕತೆಗಳಲ್ಲಿ ನಮ್ಮದು ಮೊದಲ ಐದಾರರೊಳಗೆ ಇದೆ. ಸಂತೋಷವೇ. ಆದರೆ ಮನೆ ಶ್ರೀಮಂತವಾದ ಮಾತ್ರಕ್ಕೆ ಅಡುಗೆಮನೆಯ ಮೂಲೆಯಲ್ಲಿ ಕೂತವಳ ತಟ್ಟೆ ತುಂಬಿತೆಂದು ಅರ್ಥವೇ? ಬಡತನ ಹುಡುಕಿಕೊಂಡು ಹೋಗುವುದು ಯಾರನ್ನು? ಮಳೆ ನಂಬಿದವರನ್ನು, ಕಾಗದ ಇಲ್ಲದವರನ್ನು. ಅವರಲ್ಲೂ ಊರು ಬಿಟ್ಟು ಹೋಗಲಾಗದೆ ಮನೆ ಕಾಯುವ ಹೆಂಗಸರನ್ನು, ಮುದುಕರನ್ನು.

ಈ ಸೀಮೆಯವರೆಲ್ಲ ನಡೆದುಕೊಳ್ಳುವ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ಎಲ್ಲರಿಗೂ ಗೊತ್ತು: ‘ಮಾಡಿದಷ್ಟು ನೀಡು ಭಿಕ್ಷೆ.’ ದುಡಿದಷ್ಟು ಕೊಡು ಎಂದರ್ಥ. ಆ ಅಜ್ಜಿ ಯಾರನ್ನೂ ಬೇಡಿದವಳಲ್ಲ, ದುಡಿದವಳು. ವಿಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ಗಗನನೌಕೆಗೆ ಜಾಗ ಹುಡುಕಿದ ದೇಶಕ್ಕೆ ಐದು ಕುರಿಗೆ ಜಾಗ ಹುಡುಕುವುದು ಕಷ್ಟವಾಗಬಾರದಿತ್ತು.

ಸೋದರಿಯರೇ, ನಿಮ್ಮೂರಿನಲ್ಲೂ ಒಂದು ಗೋಮಾಳ ಇದ್ದೀತು. ಅದು ಎಷ್ಟು ಉಳಿದಿದೆ, ಅಲ್ಲಿ ಯಾರ ದನಕರು ಮೇಯುತ್ತವೆ, ಒಮ್ಮೆ ವಿಚಾರಿಸಿ ನೋಡಿ. ಹಾಲು ಹಾಕುವ ಹೆಂಗಸನ್ನೇ ಕೇಳಿ, ಹೇಳುತ್ತಾಳೆ.

ಕಂಬಳಿ ಮಾವನವರಿಗೆ ಬಹಳ ಹಿಡಿಸಿತು. “ಎಷ್ಟಾಯಿತಮ್ಮ ಇದಕ್ಕೆ?” ಎಂದರು. ರೂಪಾಯಿ ಲೆಕ್ಕ ಹೇಳಿದೆ. ಉಳಿದ ಲೆಕ್ಕ ಹೇಳಲು ಬಾಯಿ ಬರಲಿಲ್ಲ.